ಬೈರೂತ್ ಹೋಟೆಲಿನ ಊಟ

6-8-1967

ಪುಸ್ತಕ ತಿದ್ದಿ ಮುಗಿಯಿತು. ಎಂಟನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಬರುವುದಿಲ್ಲ ಈ ಹುಡುಗಿಯರಿಗೆ.

ಊಟಕ್ಕೆ ಕೂತಾಗ ತಮ್ಮ ವೃಷಭೇಂದ್ರ ಹೇಳಿದ — ನಮ್ಮ ಕೊಳ್ಳೇಗಾಲದ ಹಳೇ ಹೆಂಡದಂಗಡಿ ಬಾಡಿಗೆಗೆ ಹೋಯಿತಂತೆ. ಪಾನನಿರೋಧ ಬಂದು ಮುಚ್ಚಿದ್ದನ್ನು ಇವನು ಕೊಂಡು ರೇಷ್ಮೆಗೂಡು ತುಂಬಿಸಿಡುತ್ತಿದ್ದ. ಈಗ ಮಾರ್ಟಳ್ಳಿಯ ಚಿನ್ನಸ್ವಾಮಿ ಅನ್ನುವವನು ಹೋಟೆಲ್ ಇಡುತ್ತಾನಂತೆ. ಲೆಬನಾನ್ ದೇಶದ ಬೈರೂತಿನಲ್ಲಿ ಎಷ್ಟೋ ವರ್ಷ ಅಡುಗೆ ಮಾಡಿ ಬಂದವನು.

ಅಪ್ಪ ಸತ್ತದ್ದು ಆ ಅಂಗಡಿಯ ಕಲ್ಲುಬೆಂಚಿನ ಮೇಲೆ. ವೃಷಭೇಂದ್ರ ಆಗ ಕೈಗೂಸು, ಅವನಿಗೇನು ನೆನಪು. ಬಾಗಿಲ ಹೊರಗೆ ನಿಂತು “ಅಪ್ಪಾ ಬಾ” ಅಂತ ಕೂಗುತ್ತಿದ್ದವಳು ನಾನು. ಹೆಣ್ಣುಮಕ್ಕಳು ಒಳಗೆ ಕಾಲಿಡುವಂತಿರಲಿಲ್ಲ.

17-9-1967

ಇಷ್ಟು ದಿನ ಆ ಬೀದಿ ತಪ್ಪಿಸಿ ಸುತ್ತಿಕೊಂಡು ಸ್ಕೂಲಿಗೆ ಹೋಗುತ್ತಿದ್ದೆ. ನಿನ್ನೆ ಮಳೆ, ಬೇರೆ ದಾರಿ ಇರಲಿಲ್ಲ. ಚಿನ್ನಸ್ವಾಮಿ ತಾನೇ ಏಣಿ ಹತ್ತಿ ಸುಣ್ಣ ಬಳಿಯುತ್ತಿದ್ದ. ಹಳೇ ತೇಗದ ಕಂಬಗಳನ್ನು ಉಜ್ಜಿ ಎಣ್ಣೆ ಹಚ್ಚಿದ್ದಾನೆ. ಸೂರಿನ ಮುರಿದ ಹೆಂಚು ತೆಗೆದು ಹೊಸದು ಹೊದಿಸಿದ್ದಾನೆ.

“ಟೀಚರಮ್ಮ, ತೊಯ್ತೀರಲ್ಲ, ಒಳೀಕ್ ಬನ್ನಿ.”

ಹೋಗಲಿಲ್ಲ. ಜಗಲಿಯಲ್ಲೇ ನಿಂತೆ. ಯಾಕೆ ಅಂತ ಕೇಳಿದ. ಹೇಳಿಬಿಟ್ಟೆ, ಅಪ್ಪನ ವಿಷಯ. ಯಾರಿಗೂ ಹೇಳದವಳು…

ಏಣಿ ಇಳಿದು ಬಂದ. “ಅಂಗಾರೆ ನೀವೇ ಮೊದ್ಲು ಉಣ್ಬೇಕು ಇಲ್ಲಿ.”

8-10-1967

ನಿನ್ನೆ ಸ್ಕೂಲ್ ಬಿಟ್ಟ ಮೇಲೆ ಹೋದೆ. ಒಬ್ಬಳೇ ಅಲ್ಲ, ಯಳಂದೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಮಹಾಲಕ್ಷ್ಮಮ್ಮ ಟೀಚರ್ ಜೊತೆ. ಹೊಸ್ತಿಲಲ್ಲಿ ನಿಂತುಬಿಟ್ಟೆ. ಅವಳು ಕೈ ಹಿಡಿದಳು.

“ಬಾಡು ಬೇರೆ ಒಲೆ ಕಣಮ್ಮ, ಪಾತ್ರೆನೂ ಬೇರೆ. ನಿಮ್ಗೆ ಬರೀ ಕಾಳು, ತರ್ಕಾರಿ.”

ಬೇಯಿಸಿದ ಕಡಲೆಯನ್ನು ಎಳ್ಳಿನ ಜೊತೆ ಬೆಣ್ಣೆಯಂತೆ ಅರೆದದ್ದು. ಕೆಂಡದಲ್ಲಿ ಸುಟ್ಟ ಬದನೆಕಾಯಿ, ಬೆಳ್ಳುಳ್ಳಿ, ನಿಂಬೆಹುಳಿ. ಗೋಧಿ ರೊಟ್ಟಿ — ಚೀಲದ ಹಾಗೆ ಉಬ್ಬಿ ಒಳಗೆ ಟೊಳ್ಳು. ಹರಿದು ಅದ್ದಿಕೊಳ್ಳಬೇಕು.

“ಅಲ್ಲಿ ಬೇರೆ ಎಣ್ಣೆ ಆಕ್ತಾರೆ, ಇಲ್ಲಿ ಎಲ್ ಸಿಗ್ಬೇಕು? ಎಳ್ಳೆಣ್ಣೇಲೇ ಸರಿ ಮಾಡ್ದೆ. ಎಂಗದೆ?”

ಮಹಾಲಕ್ಷ್ಮಮ್ಮ “ನಮ್ಮ ಎಣ್ಣಗಾಯಿ ಮುಂದೆ ಇದೇನು” ಅಂದಳು. ಅಂದವಳೇ ಮೂರನೇ ರೊಟ್ಟಿ ಹಾಕಿಸಿಕೊಂಡಳು. ನಗು ತಡೆಯಲಾಗಲಿಲ್ಲ. ಆ ಗೋಡೆಗಳ ನಡುವೆ ನಾನು ನಕ್ಕೆ.

ಆಮೇಲೂ ಹೋಗಬೇಕು. ಶನಿವಾರ ಶನಿವಾರ.

26-11-1967

ಪಾನನಿರೋಧ ಎತ್ತಿದ್ದಾರೆ. ಸಾರಾಯಿ ಗುತ್ತಿಗೆ ವೃಷಭೇಂದ್ರನಿಗೆ ಸಿಕ್ಕಿದೆ. ಅಂಗಡಿಗೆ ಜಾಗ — ಅದೇ ಕಟ್ಟಡ.

“ಚಿನ್ನಸ್ವಾಮಿಗೆ ಮೂರು ವರ್ಷ ಅಂತ ಮಾತು ಕೊಟ್ಟಿದ್ದೀಯಲ್ಲ” ಅಂದೆ.

“ಬಾಯ್ಮಾತು ತಾನೇ ಅಕ್ಕ. ರಿಪೇರಿ ಆಗಿ ಲಕಲಕಾ ಅಂತದೆ, ಅದ್ಬಿಟ್ಟು ಇನ್ನೆಲ್ಲಿ ಓಗ್ಲಿ?”

“ಅಪ್ಪ ಅಲ್ಲೇ ಸತ್ತದ್ದು ಕಣೋ.”

“ನಂಗೊತ್ತಿಲ್ದೇ ಇರೋ ಅಪ್ಪ.” ಕೈ ತೊಳೆಯಲು ಎದ್ದುಹೋದ.

ಚಿನ್ನಸ್ವಾಮಿ ಬಿಡುವುದಿಲ್ಲ ಅಂದಿದ್ದಾನಂತೆ. ಬಿಡಬಾರದು.

13-12-1967

ಬೆಳಿಗ್ಗೆ ವೃಷಭೇಂದ್ರನ ಕಡೆಯವರು ಗುಂಪು ಕಟ್ಟಿಕೊಂಡು ಹೋಗಿ ಚಿನ್ನಸ್ವಾಮಿಯನ್ನು ಹೊಡೆದು ಓಡಿಸಿ, ಹೋಟೆಲಿನ ಪಾತ್ರೆ ಪಗಡೆ ಬೀದಿಗೆ ಎಸೆದರು. ನಾನು ಕ್ಲಾಸಿನಲ್ಲಿದ್ದೆ. ಮಹಾಲಕ್ಷ್ಮಮ್ಮ ಬಾಗಿಲಿಗೆ ಬಂದು ಹೇಳಿದಳು. ವೃಷಭೇಂದ್ರ ಊರ ಯಜಮಾನರ ಮುಂದೆ ಹೇಳಿದ್ದಾನೆ — “ಮದ್ವೆ ಇಲ್ದಿರೋ ನಮ್ಮಕ್ಕನ್ನ ವಾರ್ವಾರ ಕರುಸ್ಕಂಡು, ಉಣ್ಣಾಕಿಕ್ಕಿ ಮಳ್ಳು ಮಾಡವ್ನೆ.” ನಾನೇ ಅಳುತ್ತಾ ದೂರು ಕೊಟ್ಟೆನಂತೆ.

ಸ್ಕೂಲಿಗೆ ಸ್ಕೂಲೇ ನನ್ನನ್ನು ನೋಡುತ್ತಿತ್ತು.

ಮನೆಗೆ ಬಂದು ಕೇಳಿದೆ. ನನ್ನ ಹೆಸರು ಯಾಕೆ ತಂದೆ? ನನ್ನ ಹೆಸರೇ ಬೇಕಿತ್ತಾ?

ಎಲೆ ಅಡಿಕೆ ಅಗಿಯುತ್ತಿದ್ದ. “ಈ ವಯ್ಸಲ್ಲಿ ಇನ್ನೇನು, ನಿನ್ನ ಯಾರಾರ ಕೇಳ್ಕಂಡ್ ಬರೋರಿದ್ರಾ?”

ಇವನನ್ನು ಎತ್ತಿ ಆಡಿಸಿದೆ. ಇವನ ಓದು ಮುಗಿಯಲಿ ಅಂತ ಎರಡು ಸಂಬಂಧ ಬೇಡವೆಂದೆ.

24-12-1967

ಮಾರ್ಟಳ್ಳಿಗೆ ಹೋಗಿ ಬಂದೆ. ಹನೂರಿನಲ್ಲಿ ಬಸ್ ಬದಲಿಸಿ, ಧೂಳು ಕುಡಿದು.

ಚಿನ್ನಸ್ವಾಮಿ ಜಗಲಿಯ ಮೇಲೆ ಕೂತಿದ್ದ. ಹಣೆಯ ಗಾಯ ಇನ್ನೂ ಒಣಗಿಲ್ಲ. ಹೆಂಡತಿಗೆ ತಮಿಳಿನಲ್ಲಿ ನೀರು ತರಲು ಹೇಳಿದ. ಅವಳು ಚೊಂಬನ್ನು ನನ್ನ ಕೈಗೆ ಕೊಡದೆ ಕೆಳಗಿಟ್ಟಳು.

“ನಾನು ದೂರು ಕೊಡಲಿಲ್ಲ. ಎಲ್ಲ ಸುಳ್ಳು” ಅಂದೆ.

“ನಂಗೆ ಗೊತ್ತಮ್ಮ.” ಚೊಂಬನ್ನು ನನ್ನ ಕಡೆ ಸರಿಸಿ, “ಕೊಳ್ಳೇಗಾಲ್ದಲ್ಲಿ ಯೋಳುದ್ರಾ ಇದ್ನ? ಅವ್ರೆಲ್ರ ಮುಂದೆ?”

ಇಲ್ಲ.

“ಇಷ್ಟ್ ದೂರ ಬಂದು ನನ್ ಮುಂದೆ ಯೋಳುದ್ರೆ ಏನ್ ಬಂತು, ಟೀಚರಮ್ಮ?”

ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

22-1-1968, ಬಸ್ ಸ್ಟ್ಯಾಂಡ್

ಇವತ್ತು ಸಾರಾಯಿ ಅಂಗಡಿ ಪೂಜೆ. ಅದೇ ಸುಣ್ಣದ ಗೋಡೆಗೆ ಮಾವಿನ ತೋರಣ. ಯಜಮಾನರೆಲ್ಲ ಕುರ್ಚಿಯಲ್ಲಿ. ನಾನು ಒಳಗೆ ಹೋದೆ. ಈ ಸಲ ಯಾರ ಕೈಯನ್ನೂ ಹಿಡಿಯಲಿಲ್ಲ.

“ಚಿನ್ನಸ್ವಾಮಿ ನನಗೆ ಊಟ ಬಡಿಸಿದ. ಅಷ್ಟೇ. ಮರ್ಯಾದೆಯಾಗಿ ಬಡಿಸಿದ. ನಾನು ದೂರು ಕೊಟ್ಟಿಲ್ಲ. ಈ ಜಾಗಕ್ಕಾಗಿ ನನ್ನ ತಮ್ಮ ಸುಳ್ಳು ಹೇಳಿದ್ದಾನೆ.”

ಎಲ್ಲರಿಗೂ ಕೇಳಿಸಿತು. ಒಬ್ಬರು ಕೆಮ್ಮಿದರು. ಯಾರೂ ಏಳಲಿಲ್ಲ. ಹಿರಿಯರಾದ ಕೆಂಪನಂಜಪ್ಪನವರು ಪೂಜಾರಿಗೆ “ಮಂಗ್ಳಾರ್ತಿ ಎತ್ತಪ್ಪ, ಒತ್ತಾಯ್ತು” ಅಂದರು. ಗಂಟೆ ಬಾರಿಸಿದರು. ಎಲ್ಲರೂ ಸಾಲಾಗಿ ಆರತಿ ತೆಗೆದುಕೊಂಡರು.

ಮನೆ ಮುಟ್ಟುವಷ್ಟರಲ್ಲಿ ನನ್ನ ಟ್ರಂಕು ಜಗಲಿಯಲ್ಲಿತ್ತು.

ಮಹಾಲಕ್ಷ್ಮಮ್ಮ ಯಳಂದೂರಿನಲ್ಲಿ ಒಂದು ಕೋಣೆ ಇದೆ ಅಂದಿದ್ದಾಳೆ. ಅಲ್ಲಿಂದಲೇ ಸ್ಕೂಲಿಗೆ ಬರುತ್ತೇನೆ, ದಿನಾ ಆ ಅಂಗಡಿ ಬೀದಿಯಲ್ಲೇ ನಡೆಯುತ್ತೇನೆ. ನೋಡಲಿ. ಅಳು ಬರುತ್ತದೆ ಅಂದುಕೊಂಡಿದ್ದೆ, ಹಸಿವಾಗುತ್ತಿದೆ. ಬೆಳಿಗ್ಗೆಯಿಂದ ಏನೂ —

ಬಸ್ ಬಂತು. ಟ್ರಂಕು ಮೇಲೆ ಹಾಕಿಸಬೇಕು, ಯಾರನ್ನಾದರೂ ಕರೆಯಬೇಕು.