ಬಿಡಿಸದ ಎಡಗಣ್ಣು

ಬಿಕರ್ನಕಟ್ಟೆ, ಮಂಗಳೂರು
೧೧-೨-೧೯೭೬

ಪ್ರೀತಿಯ ಗುಣಪಾಲಣ್ಣಾ,

ಹೇಗಿದ್ದೀ? ಹಡಗಿನ ಅಡುಗೆಮನೆಯ ಸೆಕೆಗೆ ಮೈಯೆಲ್ಲ ಬೆವರುಸಾಲೆ ಎಂದು ಬರೆದಿದ್ದೆಯಲ್ಲ, ಅದು ವಾಸಿಯಾಯಿತೇ? ದೀಪಾವಳಿಯ ನಂತರ ನಿನ್ನ ಕಾಗದ ಇಲ್ಲ. ಇದನ್ನೂ ನಿನ್ನ ಹಡಗು ಕಂಪನಿಯ ಬೊಂಬಾಯಿ ಆಫೀಸಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ಅಮ್ಮನ ಗಂಟುನೋವು ಈಗ ಕಡಿಮೆ ಉಂಟು. ನೀನು ಬರುವಾಗ ಬೇಕೆಂದು ಮಾವಿನ ಮಿಡಿ ಉಪ್ಪಿಗೆ ಹಾಕಿದ್ದಾರೆ.

ಆಂಬ್ರೋಸ್ ಮಾಸ್ಟ್ರ ಸ್ಟುಡಿಯೋದಲ್ಲಿ ನಾನು ಈಗ ಫೋಟೋ ತೊಳೆಯುವುದು ಮಾತ್ರ ಅಲ್ಲ, ರೀಟಚ್ ಕೂಡ ಮಾಡುತ್ತೇನೆ. ಮನೆಯಲ್ಲಿ ಹೇಳಲಿಕ್ಕೆ ನಾಚಿಕೆ, ನಿನಗೆ ಮಾತ್ರ ಹೇಳುವುದು. ಸಣ್ಣ ಫೋಟೋವನ್ನು ದೊಡ್ಡದು ಮಾಡಿದರೆ ಮುಖ ಹೊಗೆಯ ಹಾಗೆ ಹರಡಿಹೋಗುತ್ತದೆ. ಹುಬ್ಬು, ಮೂಗಿನ ಅಂಚು, ತುಟಿ ಎಲ್ಲವನ್ನೂ ಪೆನ್ಸಿಲಿನಿಂದ, ಸಪೂರ ಬ್ರಶ್ಶಿನಿಂದ ಪುನಃ ತರಬೇಕು. ಕಣ್ಣು ಕೊನೆಗೆ. "ಒಳಗೆ ಒಂದು ಬಿಳಿ ಚುಕ್ಕೆ ಬಿಡು ಮಗಾ, ಇಲ್ಲದಿದ್ದರೆ ಮನೆಯವರು ಹೆದರ್ತಾರೆ" ಎನ್ನುತ್ತಾರೆ ಮಾಸ್ಟ್ರು. ಅಷ್ಟು ದೊಡ್ಡ ಫೋಟೋ ಇಲ್ಲಿ ಮಾಡಿಸುವುದು ತೀರಿಹೋದವರಿಗೆ ಮಾತ್ರ, ಕೆಳಗೆ ಹೆಸರು, ತಾರೀಕು ಬರೆಸಿ ಗೋಡೆಗೆ ತೂಗಿಸಿ ಹಾರ ಹಾಕಲಿಕ್ಕೆ.

ಭಾನುವಾರ ಶೀನಪ್ಪ ಮಾವ ಊಟಕ್ಕೆ ಬಂದಿದ್ದರು. ಬಂಗುಡೆ ಸಾರು ಮಾಡಿದ್ದೆವು. ಅವರು ಮುಟ್ಟಲಿಲ್ಲ, ಹೊಟ್ಟೆ ಸರಿ ಇಲ್ಲ ಎಂದರು. "ಎಂತ ಮಾರಾಯಾ, ಸೂತಕದವನ ಹಾಗೆ" ಎಂದು ಅಮ್ಮ ತಮಾಷೆ ಮಾಡಿದರು. ಮಾವ ನಗಲಿಲ್ಲ. ಮಜ್ಜಿಗೆಯಲ್ಲಿ ಉಂಡರು. ಹೋಗುವಾಗ "ಬೊಂಬಾಯಿಯ ಟಪ್ಪಾಲು ಇನ್ನು ನನ್ನ ಅಂಗಡಿಗೇ ಬರ್ತದೆ ಅಕ್ಕ, ನೀನು ಪೋಸ್ಟಿನವನನ್ನು ಕಾಯ್ಬೇಡ" ಎಂದರು. ಅಮ್ಮನಿಗೆ ಖುಷಿಯೇ ಆಯಿತು, ತಮ್ಮ ಈಗಾದರೂ ನಮ್ಮ ಬಗ್ಗೆ ಯೋಚಿಸುತ್ತಾನೆ ಎಂದು.

ಹೊತ್ತಿಗೆ ಸರಿಯಾಗಿ ಉಣ್ಣು. ಡೆಕ್ಕಿನ ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೋ. ಅಮ್ಮನ ಆಶೀರ್ವಾದ ನಿನ್ನ ಮೇಲೆ ಯಾವಾಗಲೂ ಉಂಟು.

ನಿನ್ನ ತಂಗಿ
ಕುಶಲಾ

ತಾ.ಕ.: ಅಣ್ಣಾ, ಮೊನ್ನೆ ನಾನಿಲ್ಲದಾಗ ಮಾವ ಸ್ಟುಡಿಯೋಕ್ಕೆ ಬಂದು ನಿನ್ನ ಪಾಸ್‌ಪೋರ್ಟಿನ ಫೋಟೋ ಕೊಟ್ಟು ದೊಡ್ಡದು ಮಾಡಲು ಹೇಳಿದ್ದಾರೆ. ಕೆಳಗೆ ಎರಡು ಸಾಲಿಗೆ ಜಾಗ ಬಿಡಬೇಕಂತೆ. ನಿನ್ನ ಹೆಸರಿಗೆ ಒಂದು ಸಾಲು ಸಾಕಲ್ಲ. ಅಮ್ಮನಿಗೆ ಗೊತ್ತಿಲ್ಲ. ಮಾವನ ಹತ್ತಿರ ಕೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಬಲಗಣ್ಣು ಮುಗಿಸಿದೆ, ಎಡದ್ದನ್ನು ಮುಟ್ಟಲಿಲ್ಲ. ಯಾಕೆಂದು ಮಾಸ್ಟ್ರು ಕೇಳಿದರೆ ಬೆಳಕು ಸಾಲದು ಎನ್ನುತ್ತೇನೆ. ಮುಂದಿನ ಶುಕ್ರವಾರ ಮಾವ ಕೊಂಡುಹೋಗಲು ಬರುತ್ತಾರೆ. ಸ್ಟುಡಿಯೋದ ವಿಳಾಸಕ್ಕೆ ಒಂದು ಕಾರ್ಡು ಹಾಕು, ನಿನ್ನ ಕೈಯಕ್ಷರದಲ್ಲಿ. ಏನು ಬೇಕಾದರೂ ಬರೆ. ಅದು ಬರುವವರೆಗೆ ನಾನು ಪೆನ್ಸಿಲ್ ಚೂಪು ಮಾಡುವುದಿಲ್ಲ.