ಗಿಲಕಿಯೊಳಗಿನ ಹಸಿರು ಮಣಿಗಳು

ಜೂನ್ ೧೪, ಶುಕ್ರವಾರ

ಕಾರ್ಖಾನೆಯ ಕೊಳಕು ನೀರನ್ನು ಶುದ್ಧ ಮಾಡುವ ರೆಸಿನ್ ಮಣಿಗಳ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೊಸ ಕೆಮಿಸ್ಟ್ ಹುಡುಗಿಯ ಮುಂದೆ ಇವತ್ತೂ ಜಂಭ ಕೊಚ್ಚಿದೆ. "ನಿಕ್ಕಲ್ಲು, ಸೀಸ, ಯಾವ ವಿಷ ಕೊಟ್ರೂ ತಿಂದು ಅರಗಿಸ್ಕೊಳ್ಳುತ್ತಮ್ಮಾ, ಥೇಟ್ ನನ್ನ ಹಾಗೇ!"

ಅವಳು ನಕ್ಕಳು. "ಅರಗಿಸ್ಕೊಳ್ಳಲ್ಲ ಅಂಕಲ್, ಹಿಡಿದಿಟ್ಕೊಳ್ಳುತ್ತೆ ಅಷ್ಟೇ. ವಿಷವೆಲ್ಲ ಆ ಮಣೀಲೇ ಇರುತ್ತೆ."

ಬಳಸಿ ತೆಗೆದಿಟ್ಟಿದ್ದ ಹಸಿರು ಮಣಿಗಳನ್ನು ಯಾರಿಗೂ ಹೇಳದೆ ತಂದು, ಡಬ್ಬಿಗೆ ತುಂಬಿ, ತಂಗಿ ಮಗಳ ಕೂಸಿಗೆ ಗಿಲಕಿ ಮಾಡಿಕೊಟ್ಟವನು ನಾನೇ. ಇಂಥದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಬೀದಿಗೆಲ್ಲ ಸಾರಿದ್ದೆ.

ಮನೆಗೆ ಓಡಿ ಬಂದೆ. ಕೂಸು ಡಬ್ಬಿಯ ಮುಚ್ಚಳ ಚೀಪುತ್ತಿತ್ತು. ಕಿತ್ತುಕೊಂಡೆ. ಅದು ಕಿರುಚಿತು.

"ಏನ್ ಮಾವ, ಮಗು ಹತ್ರಾನೂ ನಿಮ್ಮ ಚೇಷ್ಟೇನಾ!" ಎಂದಳು ತಂಗಿ ಮಗಳು.

ನಿಜ ಹೇಳಿದೆ. ಅವಳು ಬೈಯಲಿಲ್ಲ. ಕೂಸಿನ ಬಾಯಿ ಬಿಡಿಸಿ, ನಾಲಿಗೆಯ ಕೆಳಗೆಲ್ಲ ಬೆರಳಾಡಿಸಿ ನೋಡಿದಳು. ಏನೂ ಇರಲಿಲ್ಲ. ಮುಚ್ಚಳಕ್ಕೆ ನಾನು ಸುತ್ತಿದ್ದ ಟೇಪು ಬಿಚ್ಚಿರಲಿಲ್ಲ. ಆದರೂ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಸದ್ಯಕ್ಕೆ ಹೆದರಬೇಡಿ ಅಂದರು, ರಕ್ತ ತೆಗೆದುಕೊಂಡರು. ನಾಳೆ ಗೊತ್ತಾಗುತ್ತದೆ.

ಮನೆಗೆ ಬಂದ ಮೇಲೆ ಕೂಸು ಎಂದಿನಂತೆ ನನ್ನ ಕಡೆ ಕೈ ಚಾಚಿತು. "ಮೊದ್ಲು ಕೈ ತೊಳ್ಕೊಂಡು ಬನ್ನಿ ಮಾವ" ಎಂದಳು, ಮೆಲ್ಲಗೆ.

ಸೋಪು ಕರಗುವಷ್ಟು ತೊಳೆದೆ. ಆದರೂ ಕೂಸನ್ನು ಎತ್ತಿಕೊಳ್ಳಲು ಈ ಕೈ ಮುಂದೆ ಬರಲಿಲ್ಲ.