ಅಚ್ಚಾಗದ ನಾಲ್ಕು ಹಾಳೆ

ಯುಗಾದಿ ಸಂಚಿಕೆಯ ಪರಿಶೀಲನಾ ಸಮಿತಿಯ ಅಧ್ಯಕ್ಷರೇ,

ಹೆಂಡತಿಯೊಬ್ಬಳು ಗಂಡನ ಏಟುಗಳ ಬಗ್ಗೆ ಬರೆದ ಲೇಖನವನ್ನು, ಅಚ್ಚಾಗುವ ಮೊದಲೇ, ನೀವು ಆ ಗಂಡನಿಗೇ ತೋರಿಸಿದಿರಿ. ಇದಕ್ಕಿಂತ ನಯವಾಗಿ ಹೇಳಲು ನನಗೆ ಬರುವುದಿಲ್ಲ. ಆರು ವರ್ಷ ನಮ್ಮ ಡಲ್ಲಾಸ್ ಕನ್ನಡ ಸಂಘದ ಈ ಸಂಚಿಕೆಗೆ ಸಂಪಾದಕನಾಗಿದ್ದೆ. ಇವತ್ತಿಗೆ ಸಾಕು, ರಾಜೀನಾಮೆ ಕೊಡುತ್ತಿದ್ದೇನೆ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಆಯಿತಲ್ಲ. ಫೆಬ್ರವರಿಯಲ್ಲಿ ನಮ್ಮ ಮನೆಗೆ ಬಂದು ಕೈಬರಹದ ನಾಲ್ಕು ಹಾಳೆ ಕೊಟ್ಟಳು. "ಅಂಕಲ್, ಹೆಸರು ಹಾಕ್ಬೇಡಿ. ಸಂಚಿಕೆ ಬರೋಷ್ಟೊತ್ತಿಗೆ ನಾನು ಇಲ್ಲಿಂದ ಶಿಫ್ಟ್ ಆಗಿರ್ತೀನಿ. ನನ್ನಂಥೋಳು ಇನ್ನೊಬ್ಳು ಇರ್ತಾಳೆ, ಓದ್ಲಿ," ಅಂದಳು. ಆಯ್ತಮ್ಮ ಅಂದೆ. ಆದರೆ ನಿಮ್ಮ ನಿಯಮವಿದೆಯಲ್ಲ: ಪ್ರತಿ ಬರಹವೂ ಮೊದಲು ಸಮಿತಿಗೆ, ಜೊತೆಗೊಂದು ಫಾರಂ, ಅದರಲ್ಲಿ ಬರೆದವರ ನಿಜವಾದ ಹೆಸರು. ಗುಟ್ಟಾಗಿಡುತ್ತೀರಿ ಎಂದು ನಂಬಿ ತುಂಬಿಕೊಟ್ಟ ದಡ್ಡ ನಾನೇ.

ನೀವು ಹಾಳೆಗಳ ಫೋಟೋ ತೆಗೆದು ಅವಳ ಗಂಡನಿಗೆ ವಾಟ್ಸಾಪ್ ಮಾಡಿದಿರಿ. ಫೋನ್ ಮಾಡಿ ಕೇಳಿದರೆ, "ಮನೆ ವಿಷಯ ಅಲ್ವಾ ಸಾರ್, ಮನೆಯವರನ್ನ ಒಂದು ಮಾತು ಕೇಳಿದೆ, ತಪ್ಪೇನು?" ಅಂದಿರಿ. ಅಯ್ಯೋ, ಲೂಯಿಸ್‌ವಿಲ್ ಕೆರೆ ದಂಡೆಯ ಪಿಕ್‌ನಿಕ್‌ನಲ್ಲಿ ಎಲ್ಲರಿಗೂ ನಗುನಗುತ್ತಾ ಪುಳಿಯೋಗರೆ ಬಡಿಸಿದವನು ಮನೆಯಲ್ಲಿ ಕೈ ಎತ್ತಲಾರ ಎಂದುಕೊಂಡಿರಾ? ಸಂಘದ ಮರ್ಯಾದೆಯನ್ನೇನೋ ಕಾಪಾಡಿದಿರಿ. ಫೋಟೋ ಅವನಿಗೆ ತಲುಪಿದ ಸಂಜೆಯೇ ಅವಳ ಬಲಗೈ ಮುರಿಯಿತು.

ಅಚ್ಚಿಗೆ ಮುಂಚೆ ಸರ್ಕಾರದ ಅಪ್ಪಣೆ ಕೇಳಬೇಕೆಂಬ ಕಟ್ಟಳೆಯನ್ನು ಇಂಗ್ಲೆಂಡಿನಲ್ಲಿ ಮುನ್ನೂರು ವರ್ಷಗಳ ಹಿಂದೆಯೇ ಕೈಬಿಟ್ಟರು. ಮೊದಲು ಅಚ್ಚಾಗಲಿ, ಸುಳ್ಳಿದ್ದರೆ ಆಮೇಲೆ ಕೋರ್ಟಿಗೆ ಎಳೆಯಿರಿ ಎಂಬುದು ಅಷ್ಟು ಹಳೆಯ ವಾದ. ಕಾಲೇಜಿನಲ್ಲಿ ಪರೀಕ್ಷೆಗೆಂದು ಉರು ಹೊಡೆದಿದ್ದೆ, ಅರ್ಥವಾದದ್ದು ಈಗ. ಎಲ್ಲರಿಗಿಂತ ಮೊದಲು ಓದುವ ಅಧಿಕಾರ ಒಬ್ಬರ ಕೈಗೆ ಸಿಕ್ಕರೆ, ಆ ಒಬ್ಬರ ಸ್ನೇಹಿತರು ಯಾರು ಎಂಬುದರ ಮೇಲೆ ಬರೆದವಳ ಗತಿ ನಿಂತಿರುತ್ತದೆ. ಅಚ್ಚಾಗುವಷ್ಟರಲ್ಲಿ ಆ ಮನೆ ಬಿಟ್ಟು ಹೋಗಲು ಅವಳಿಗೆ ಬೇಕಿದ್ದದ್ದು ಮೂರು ವಾರ. ಅದನ್ನೂ ನೀವು ಕಿತ್ತುಕೊಂಡಿರಿ.

ಮೊನ್ನೆ ಅವಳನ್ನು ನೋಡಿ ಬಂದೆ. ಎಲ್ಲಿ ಎಂದು ಹೇಳುವುದಿಲ್ಲ. "ನಿಮ್ಮೊಬ್ರಿಗೇ ಅಲ್ವಾ ಅಂಕಲ್ ನಾನು ಕೊಟ್ಟಿದ್ದು?" ಅಂದಳು.

ಸಮಿತಿಯನ್ನು ಮುಚ್ಚಿ. ಆ ಫಾರಂಗಳನ್ನೆಲ್ಲ ಸುಟ್ಟುಹಾಕಿ. ನಾಲ್ಕು ಹಾಳೆ ಇನ್ನೂ ನಿಮ್ಮ ಮೇಜಿನಲ್ಲೇ ಇವೆ, ವಾಪಸ್ ಕೊಡಿ. ಅವಳ ಹತ್ತಿರ ಬೇರೆ ಪ್ರತಿಯಿಲ್ಲ, ಮತ್ತೆ ಬರೆಯೋಣವೆಂದರೆ ಬಲಗೈ ಏಳುತ್ತಿಲ್ಲ.

ಇಂತಿ,
ಅವಳ ಹೆಸರನ್ನು ನಿಮಗೆ ಬರೆದುಕೊಟ್ಟವನು,
ಮಹಾಬಲೇಶ್ವರ, ರಿಚರ್ಡ್‌ಸನ್